ಸೊಂಟಕ್ಕಾದರೆ ಸೈ, ಬೆನ್ನಿಗೆ ಬೇಡ

ನಮ್ಮ ಕೊಳ್ಳೇಗಾಲದ ಕಡೆ ಡಾಕ್ಟರ ಕೈಗುಣ ಅಳೆಯುವುದು ಸೂಜಿಯಿಂದ. ಬರೀ ಮಾತ್ರೆ ಬರೆದು ಕಳಿಸುವವರು ಎಷ್ಟೇ ಓದಿರಲಿ, ಊರಿನ ಲೆಕ್ಕದಲ್ಲಿ ಅರ್ಧ ಡಾಕ್ಟರು. ಸರ್ಕಾರಿ ಆಸ್ಪತ್ರೆಯ ಕಿಟಕಿಯಲ್ಲಿ ಔಷಧಿ ಕೊಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡ ನನಗೆ ಇದು ಚೆನ್ನಾಗಿ ಗೊತ್ತು. ನೆಗಡಿಗೆ ಸೂಜಿ ಬೇಕು, ಸುಸ್ತಿಗೆ ಸೂಜಿ ಬೇಕು, ಸೊಸೆಯ ಮೇಲಿನ ಸಿಟ್ಟಿಗೆ ಊಟ ಬಿಟ್ಟು ಮಲಗಿದ ಅತ್ತೆಗೂ ಒಂದು ಸೂಜಿ ಬೇಕು. ಅದರಲ್ಲೂ ಬಿ12 ಇರುವ ಕೆಂಪು ಔಷಧಿ ಎಂದರೆ ಪಂಚಪ್ರಾಣ. ಸಿರಿಂಜಿಗೆ ಆ ಬಣ್ಣ ಏರುವುದನ್ನು ಕಂಡೇ ಅರ್ಧ ಜ್ವರ ಇಳಿದವರನ್ನು ನೋಡಿದ್ದೇನೆ. ಬಣ್ಣವಿಲ್ಲದ್ದನ್ನು ಹಾಕಿದಿರೋ, ‘ನೀರು ಚುಚ್ಚಿ ಕಳುಸ್ದ’ ಅಂತ ಹನೂರಿನ ತನಕ ಸುದ್ದಿ.

ಇಂಥ ಸೂಜಿಪ್ರಿಯರು, ನೋವು ಎಲ್ಲಿದೆಯೋ ಅಲ್ಲಿಗೇ ಸೂಜಿ ಹಾಕುತ್ತೇವೆ ಅಂದರೆ ಮಾತ್ರ ಅಂಗಿ ಹಾಕಿಕೊಂಡು ಎದ್ದು ಬರುತ್ತಾರೆ. ಪಕ್ಕದ ಮನೆಯ ಯಜಮಾನರು ಹಾಗೆ ಎದ್ದು ಬಂದವರಲ್ಲೊಬ್ಬರು. ರೇಷ್ಮೆ ಸೀರೆ ನೇಯುವವರು. ಬಲ ರೆಕ್ಕೆಮೂಳೆಗೂ ಬೆನ್ನುಮೂಳೆಗೂ ನಡುವೆ ಅವರಿಗೊಂದು ನೋವು ಬಿಡಾರ ಹೂಡಿ ವರ್ಷಗಳೇ ಆಗಿವೆ. ಬೆಳಗ್ಗೆ ಸುಮ್ಮನಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಕತ್ತಿಗೆ ಏರುತ್ತದೆ, ಸಂಜೆಗೆ ಮನೆಯವರ ಮೇಲೆ ಸಿಟ್ಟಾಗಿ ಹೊರಗೆ ಬರುತ್ತದೆ. ಉಪ್ಪಿನ ಗಂಟು ಕಾಯಿಸಿ ಶಾಖ ಕೊಟ್ಟಾಯಿತು, ಹರಳೆಣ್ಣೆ ಹಚ್ಚಿ ನೀವಿಸಿಯಾಯಿತು, ಮೆಡಿಕಲ್ ಸ್ಟೋರಿನ ಪ್ಲಾಸ್ಟರು ಅಂಟಿಸಿ ಚರ್ಮ ಕಿತ್ತುಕೊಂಡು ಬಂದಿದ್ದಾಯಿತು. ಮಾದಪ್ಪನ ಬೆಟ್ಟದಲ್ಲಿ ಉರುಳುಸೇವೆಯ ಹರಕೆಯೂ ತೀರಿತು. ಬೆನ್ನು ನೋವಿಗೆ ಉರುಳುಸೇವೆ! ಮಾದಪ್ಪನಿಗೇ ಕರುಣೆ ಬಂದಿರಬೇಕು. ಆ ವಾರ ನೋವು ಕಡಿಮೆ ಇತ್ತಂತೆ.

ಕೊನೆಗೆ ಅರುವತ್ತು ಕಿಲೋಮೀಟರ್ ಬಸ್ಸಿನಲ್ಲಿ ಕುಲುಕಿಸಿಕೊಂಡು ಮೈಸೂರಿಗೆ ಹೋದರು. ಸ್ಕ್ಯಾನಿಂಗ್ ಆಯಿತು. ‘ಮೂಳೆ ಸರಿಯಾಗಿದೆ, ಡಿಸ್ಕ್ ಸರಿಯಾಗಿದೆ, ಇದು ಸ್ನಾಯುವಿನ ನೋವು, ಬೇಕಾದರೆ ಬೆನ್ನಿಗೆ ಒಂದು ಬ್ಲಾಕ್ ಇಂಜೆಕ್ಷನ್ ಕೊಡೋಣ’ ಅಂದರಂತೆ ಅಲ್ಲಿಯ ಡಾಕ್ಟರು. ಇವರು ‘ಮನೇಲಿ ಕೇಳ್ಕಂಡು ಬತ್ತೀನಿ’ ಅಂದು ಬಂದವರು ಮನೆಯಲ್ಲಿ ಕೇಳಲಿಲ್ಲ, ಸಂಜೆ ದಾಸವಾಳದ ಬೇಲಿ ಹತ್ತಿರ ನಿಂತು ನನ್ನನ್ನು ಕೇಳಿದರು.

“ಕಾಂಪೌಂಡ್ರೇ, ಬೆನ್ನಿಗೆ ಸೂಜಿ ಚುಚ್ಚುಸ್ಕಂಡ್ರೆ ಕಾಲು ಬಿದ್ದೋಯ್ತದಂತೆ, ನಿಜವಾ?”

“ಯಾರಣ್ಣ ಹೇಳಿದ್ದು?”

“ಬಸ್ಸಲ್ಲಿ ಪಕ್ಕ ಕುಂತಿದ್ದೋರು.”

ಮೈಸೂರಿನ ತಜ್ಞರು ಹತ್ತು ನಿಮಿಷ ಹೇಳಿದ್ದನ್ನು ಟಿ. ನರಸೀಪುರ ಬರುವುದರೊಳಗೆ ಬಸ್ಸಿನವರು ಅಳಿಸಿಹಾಕಿದ್ದರು. ಒಗೆಯುವ ಕಲ್ಲಿನ ಹತ್ತಿರ ಬಟ್ಟೆ ಹಿಂಡುತ್ತಿದ್ದ ಅವರ ಹೆಂಡತಿ, ನನ್ನ ಬಾಯಲ್ಲಿ ಅಕ್ಕ, ಅಲ್ಲಿಂದಲೇ ಸೇರಿಸಿದರು: “ನಮ್ಮ ಮಾಂಬಳ್ಳಿಲಿ ಚಿಕ್ಕವ್ವನ ಸೊಸೆಗೆ ಹೆರಿಗೆ ಆಪ್ರೇಷನ್ನಿಗೆ ಬೆನ್ನಿಗೆ ಸೂಜಿ ಕೊಟ್ರು. ಇವತ್ಗೂ ಬೆನ್ನು ನೋವು ಅಂತಾಳೆ ಕಾಣಣ್ಣ.”

ಯಳಂದೂರಿನಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಯಾವ ಮನೆಗೆ ಹೋದರೂ ಈ ದೂರು ಇದೆ. ಸಿಸೇರಿಯನ್ ಆದ ಹೆಂಗಸಿನ ಬೆನ್ನು ನೋವೆಲ್ಲ ಆ ಒಂದು ಸೂಜಿಯ ತಲೆಗೆ. ಮಗುವನ್ನು ಒಂದೇ ಸೊಂಟದ ಮೇಲೆ ಹೊತ್ತಿದ್ದು, ಬಗ್ಗಿ ಹಾಲು ಕುಡಿಸಿದ್ದು, ಬಾಣಂತನ ಮುಗಿಯುವ ಮೊದಲೇ ನೀರು ಹೊತ್ತಿದ್ದು ಯಾವುದೂ ಲೆಕ್ಕಕ್ಕಿಲ್ಲ. ಪರೀಕ್ಷೆ ಮಾಡಿ ನೋಡಿದವರಿಗೆ ಆ ಸೂಜಿಗೂ ಬಹುಕಾಲದ ಬೆನ್ನು ನೋವಿಗೂ ಸಂಬಂಧ ಸಿಕ್ಕಿಲ್ಲ. ಚುಚ್ಚಿದ ಜಾಗ ಕೆಲವು ದಿನ ನೋಯಬಹುದು, ಕೆಲವರಿಗೆ ತಲೆನೋವು ಬರುತ್ತದೆ, ಅಷ್ಟು ಹೌದು.

ತಲೆನೋವು ಅಂದಮೇಲೆ ಆ ಕತೆ ಹೇಳದೆ ಇರುವುದು ಹೇಗೆ? 1898ರಲ್ಲಿ ಜರ್ಮನಿಯ ಕೀಲ್ ಎಂಬ ಊರಲ್ಲಿ ಆಗಸ್ಟ್ ಬೀರ್ ಎಂಬ ಸರ್ಜನ್ ಬೆನ್ನುಹುರಿಯ ನೀರಿಗೆ ಕೊಕೇನ್ ಹಾಕಿ ಕಾಲು ಮರಗಟ್ಟಿಸುವುದನ್ನು ಕಂಡುಕೊಂಡ. ರೋಗಿಗಳ ಮೇಲೆ ಮಾಡಿದ್ದಾಯಿತು, ನಮ್ಮ ಮೇಲೂ ನೋಡೋಣ ಅಂತ ಸಹಾಯಕ ಹಿಲ್ಡೆಬ್ರಾಂಟನಿಗೆ ಸೂಜಿ ಹಾಕಿದ. ಆಮೇಲೆ ಅವನ ಕಾಲಿಗೆ ಚುಚ್ಚಿದ, ಉರಿಯುವ ಚುಟ್ಟಾ ಒತ್ತಿದ, ಕಬ್ಬಿಣದ ಸುತ್ತಿಗೆಯಿಂದ ಮೊಣಕಾಲ ಕೆಳಗಿನ ಮೂಳೆಗೆ ಬಾರಿಸಿದ. ನೋವೇ ಇಲ್ಲ! ಸಂತೋಷಕ್ಕೆ ಇಬ್ಬರೂ ವೈನು ಕುಡಿದು ಮಲಗಿದರು. ಎದ್ದಾಗ ಇಬ್ಬರಿಗೂ ತಲೆನೋವು, ಹಿಲ್ಡೆಬ್ರಾಂಟನಿಗೆ ಅದರ ಜೊತೆಗೆ ಸುತ್ತಿಗೆಯ ಬಾಸುಂಡೆ.

“ಗುರುನಾ ಅವನು, ಯಮನಾ?” ಅಂದರು ಅಕ್ಕ.

ಯಜಮಾನರಿಗೆ ಹೇಳಿದ ಸೂಜಿ ಇದಲ್ಲವೇ ಅಲ್ಲ. ಇದು ಬೆನ್ನುಹುರಿಯ ಹತ್ತಿರಕ್ಕೂ ಹೋಗುವುದಿಲ್ಲ. ಅವರ ಬೆನ್ನನ್ನು ತಿರುಗಿಸಿಕೊಂಡು, ಬೇಲಿಯ ಮೇಲಿಂದಲೇ ಕೈ ಚಾಚಿ ರೆಕ್ಕೆಮೂಳೆಯ ಒಳ ಅಂಚಿನಲ್ಲಿ ಹೆಬ್ಬೆರಳು ಓಡಿಸಿದೆ. ಚರ್ಮದ ಕೆಳಗೆ ಬಿಗಿದ ಹುರಿಯ ಹಾಗೆ ಒಂದು ಎಳೆ, ಅದರ ಮೇಲೆ ಕಡಲೆ ಗಾತ್ರದ ಗಂಟು. ಒತ್ತಿದೆ. ಸ್ನಾಯು ಬೆರಳ ಕೆಳಗೆ ಚಕ್ಕನೆ ಮಿಡಿಯಿತು. ಯಜಮಾನರು “ಅವ್ವಾ” ಅಂದವರು ಹಿಡಿದುಕೊಂಡದ್ದು ಬೆನ್ನನ್ನಲ್ಲ, ಭುಜವನ್ನು. ಒತ್ತಿದ್ದು ಒಂದು ಕಡೆ, ನೋವು ಹೊರಟದ್ದು ಇನ್ನೊಂದು ಕಡೆ.

ಇಂಥ ಗಂಟುಗಳಿಗೆ ಭೂಪಟ ಬರೆದವರು ಅಮೆರಿಕದ ಜಾನೆಟ್ ಟ್ರಾವೆಲ್ ಎಂಬ ಡಾಕ್ಟರಮ್ಮ. ಯಾವ ಸ್ನಾಯುವಿನ ಗಂಟು ಒತ್ತಿದರೆ ನೋವು ಎಲ್ಲಿಗೆ ಓಡುತ್ತದೆ ಎಂದು ಡೇವಿಡ್ ಸೈಮನ್ಸ್ ಜೊತೆ ಸೇರಿ 1983ರಲ್ಲಿ ದಪ್ಪನೆಯ ಪುಸ್ತಕ ತಂದರು. ‘ಟ್ರಿಗರ್ ಪಾಯಿಂಟ್’ ಎಂದು ಹೆಸರು. ಆ ಗಂಟು ನಿಜವಾಗಿ ಏನು, ಇದೆಯೋ ಇಲ್ಲವೋ ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ನಡೆದಿದೆ. ನಡೆಯಲಿ, ಒತ್ತಿಸಿಕೊಂಡವರಿಗೆ ಅನುಮಾನವಿಲ್ಲ. ಈಕೆಯ ಹೆಸರಾಂತ ರೋಗಿ ಜಾನ್ ಕೆನಡಿ. 1955ರಲ್ಲಿ ಬೆನ್ನು ಹಿಡಿದುಕೊಂಡು ಬಂದ ಕೆನಡಿಗೆ ಆಕೆ ಗಂಟುಗಳಿಗೆ ಪ್ರೊಕೇನ್ ಸೂಜಿ ಹಾಕಿ ಓಡಾಡುವ ಹಾಗೆ ಮಾಡಿದರು. 1961ರಲ್ಲಿ ಆತ ಅಧ್ಯಕ್ಷನಾದಾಗ ಶ್ವೇತಭವನದ ವೈದ್ಯೆಯಾದರು. ತೂಗುಕುರ್ಚಿಯಲ್ಲಿ ಕೂತ ಕೆನಡಿಯ ಫೋಟೋ ನೋಡಿದ್ದೀರಲ್ಲ, ಆ ಕುರ್ಚಿಯ ಸಲಹೆಯೂ ಈಕೆಯದೇ. ಕೂತಲ್ಲೇ ಸ್ನಾಯು ಆಡುತ್ತಿರಲಿ ಎಂದು.

“ಹಂಗಾದ್ರೆ ಸೂಜಿ ಹಾಕುಸ್ಕಂಡ ಮೇಲೆ ವಾಸಿ ಆಯ್ತಾ ಅವರ್ಗೆ?” ಯಜಮಾನರ ಕಣ್ಣಲ್ಲಿ ಆಸೆ ಮೂಡಿತು.

ಇಲ್ಲೇ ಇರುವುದು ಸ್ವಾರಸ್ಯ. ಆಗಲಿಲ್ಲ. ಸೂಜಿ ಬೇಕು, ಮತ್ತೆ ಬೇಕು, ಮತ್ತೂ ಬೇಕು ಅನ್ನುವಂತಾಯಿತು. ಅದೇ 1961ರ ಕೊನೆಗೆ ಹಾನ್ಸ್ ಕ್ರೌಸ್ ಎಂಬ ಇನ್ನೊಬ್ಬ ವೈದ್ಯರನ್ನು ಕರೆಸಿದರು. ಆತ ಪರ್ವತ ಹತ್ತುವ ಆಸಾಮಿ. ಅಧ್ಯಕ್ಷರ ಸ್ನಾಯುಗಳ ಬಿಗಿತ, ದುರ್ಬಲತೆ ನೋಡಿ, ಸೂಜಿ ಸಾಕು, ವ್ಯಾಯಾಮ ಶುರು ಮಾಡಿ ಅಂದರು. ವಾರಕ್ಕೆ ಹಲವು ಸಲ ವ್ಯಾಯಾಮ ನಡೆಯಿತು, ಕೆನಡಿ ಸುಧಾರಿಸಿದರು. ಟ್ರಾವೆಲ್ ಅವರ ಸೂಜಿ ತಪ್ಪೆಂದು ನಾನು ಹೇಳುತ್ತಿಲ್ಲ. ಸೂಜಿ ಆ ಮನುಷ್ಯನನ್ನು ಹಾಸಿಗೆಯಿಂದ ಎಬ್ಬಿಸಿತು. ಎದ್ದ ಮೇಲೆ ಏನು ಮಾಡಬೇಕು ಎನ್ನುವುದು ಸೂಜಿಯ ಕೆಲಸವಲ್ಲವಲ್ಲ.

ನಮ್ಮಲ್ಲಿ ಈಗ ಎರಡು ಬಗೆಯಲ್ಲಿ ಕೊಡುತ್ತಾರೆ. ಒಂದು, ನೇರ ಆ ಗಂಟಿಗೇ ಸಣ್ಣ ಸೂಜಿ ಹಾಕುವುದು. ಔಷಧಿ ಸಾಮಾನ್ಯವಾಗಿ ಲಿಗ್ನೋಕೇನ್, ಹಲ್ಲು ಕೀಳುವಾಗ ಒಸಡಿಗೆ ಹಾಕುವುದೂ ಅದೇ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ತಯಾರಿಸಿದ್ದು. ಒಂದು ಗಂಟಿಗೆ ಒಂದು ಎಂ.ಎಲ್. ಅಥವಾ ಅದಕ್ಕೂ ಕಡಿಮೆ. ತಮಾಷೆ ಏನೆಂದರೆ, ಚೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲೇ ಬರೀ ಒಣ ಸೂಜಿ ಚುಚ್ಚಿದರೂ ಅನೇಕರಿಗೆ ನೋವು ಇಳಿಯುತ್ತದೆ ಎಂದು ಬರೆದಿದ್ದ. ಇದನ್ನು ಹೇಳಿದ್ದೇ ತಡ, ಅಕ್ಕ ಬಟ್ಟೆ ಬಿಟ್ಟು ಬೇಲಿಗೇ ಬಂದರು.

“ಔಸ್ತಿನೇ ಇಲ್ದೆ ಚುಚ್ಚಕ್ಕೆ ಮೈಸೂರ್ಗ್ಯಾಕೆ ಹೋಗ್ಬೇಕು? ನಾನೇ ದಬ್ಬಳ ತಕಂಡು ಚುಚ್ಚ್ತೀನಿ. ಬಾಳ ದಿನದಿಂದ ಆಸೆ ಅದೆ.”

ಇನ್ನೊಂದು ಬಗೆ, ಸ್ನಾಯುವಿಗಲ್ಲ, ಅಲ್ಲಿಗೆ ಹೋಗುವ ನರಗಳ ದಾರಿಗೆ ಔಷಧಿ ಬಿಡುವುದು. ಇವರಿಗೆ ಹೇಳಿದ್ದು ಇದು. ‘ಇರೆಕ್ಟರ್ ಸ್ಪೈನೇ’ ಬ್ಲಾಕ್ ಅಂತ. 2016ರಲ್ಲಿ ಕೆನಡಾದ ಮಾರಿಸಿಯೊ ಫೊರೆರೊ ಮತ್ತು ಜೊತೆಗಾರರು ಎದೆಗೂಡಿನ ನರದ ನೋವಿಗೆ ಇದನ್ನು ಮೊದಲು ವಿವರಿಸಿದರು. ಸುಲಭವಾದ್ದರಿಂದ ಲೋಕವೆಲ್ಲ ಹರಡಿತು. ಕೊಡುವವರು ಅರಿವಳಿಕೆ ಡಾಕ್ಟರು. ಬೋರಲು ಮಲಗಿಸಿ ಅಥವಾ ಕೂರಿಸಿ, ಬಸುರಿಯರ ಹೊಟ್ಟೆ ನೋಡುವ ಸ್ಕ್ಯಾನಿಂಗ್ ಯಂತ್ರವಿದೆಯಲ್ಲ, ಅಂಥದನ್ನೇ ಬೆನ್ನ ಮೇಲೆ ಇಡುತ್ತಾರೆ. ಪರದೆಯಲ್ಲಿ ಮೂರು ಪದರ ಸ್ನಾಯು ಕಾಣುತ್ತದೆ: ಮೇಲೆ ಟ್ರಪೀಜಿಯಸ್, ಅದರಡಿ ರಾಂಬಾಯ್ಡ್, ಅದರಡಿ ಬೆನ್ನನ್ನು ನೆಟ್ಟಗೆ ನಿಲ್ಲಿಸುವ ಸ್ನಾಯು. ಅದರ ಕೆಳಗೆ ಬೆನ್ನುಮೂಳೆಯಿಂದ ಅಡ್ಡಕ್ಕೆ ಚಾಚಿದ ಮೂಳೆಯ ತುದಿ. ಸೂಜಿ ಆ ಮೂಳೆ ಮುಟ್ಟುವವರೆಗೆ ಹೋಗುತ್ತದೆ, ಔಷಧಿ ಮೂಳೆಗೂ ಸ್ನಾಯುವಿಗೂ ನಡುವೆ ಹರಡುತ್ತದೆ. ಹರಡುವುದು ಪರದೆಯಲ್ಲಿ ಕಾಣುತ್ತದೆ, ಸ್ನಾಯು ಮೆಲ್ಲಗೆ ಮೇಲಕ್ಕೆ ಎದ್ದು ಕೊಡುತ್ತದೆ.

“ಮೂಳೆ ತನಕಾನಾ?” ಯಜಮಾನರು ಬೆನ್ನು ತಡವಿಕೊಂಡರು.

“ಮೂಳೆ ಸಿಕ್ಕೋದೇ ಒಳ್ಳೇದು ಅಣ್ಣ. ಮೂಳೆ ತಪ್ಪಿ ಆಳಕ್ಕೆ ಹೋದರೆ ಅದರ ಹಿಂದೆ ಶ್ವಾಸಕೋಶ ಇದೆ.”

ಇದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ನನಗೆ ಹಿಡಿಸುವುದಿಲ್ಲ. ಮೇಲ್ಬೆನ್ನಿನ ಸೂಜಿಗೆ ಇರುವ ದೊಡ್ಡ ಭಯ ಕಾಲು ಬೀಳುವುದಲ್ಲ, ಪುಪ್ಪುಸಕ್ಕೆ ತೂತಾಗಿ ಗಾಳಿ ಎದೆಗೂಡಿಗೆ ಸೇರುವುದು. ಅಪರೂಪ, ಆದರೆ ತೆಳ್ಳಗಿರುವವರಿಗೆ ಚರ್ಮದಿಂದ ಪುಪ್ಪುಸಕ್ಕೆ ದೂರ ಕಡಿಮೆ, ಮಗ್ಗದವರು ಸಾಮಾನ್ಯವಾಗಿ ತೆಳ್ಳಗೇ. ಯಂತ್ರ ನೋಡಿಕೊಂಡು, ಕೈ ಪಳಗಿದವರು ಹಾಕಬೇಕು ಎನ್ನುವುದು ಅದಕ್ಕೇ. ಸೂಜಿ ಆದ ಮೇಲೆ ಉಸಿರು ಕಟ್ಟಿದರೆ, ಎದೆ ಚುಚ್ಚಿದರೆ ‘ಗ್ಯಾಸು’ ಅಂತ ಸೋಡಾ ಕುಡಿದು ಮಲಗಬಾರದು, ಹಿಂದಕ್ಕೆ ಓಡಬೇಕು. ಔಷಧಿ ರಕ್ತಕ್ಕೆ ಜಾಸ್ತಿ ಸೇರಿದರೆ ತುಟಿ ಜುಮ್ಮೆನ್ನುತ್ತದೆ, ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಬಾಯಿಗೆ ಲೋಹದ ರುಚಿ ಬರುತ್ತದೆ. ಆ ಕ್ಷಣವೇ ಹೇಳಬೇಕು. ಸಕ್ಕರೆ ಕಾಯಿಲೆ ಇದ್ದರೆ ಮುಂಚೆಯೇ ತಿಳಿಸಬೇಕು, ಕೆಲವೊಮ್ಮೆ ಜೊತೆಗೆ ಸ್ಟಿರಾಯ್ಡ್ ಬೆರೆಸುತ್ತಾರೆ, ಅದು ಕೆಲವು ದಿನ ಸಕ್ಕರೆ ಏರಿಸುತ್ತದೆ. ರಕ್ತ ತೆಳು ಮಾಡುವ ಮಾತ್ರೆ ನುಂಗುವವರೂ ಅಷ್ಟೇ, ಹೇಳದೆ ಬೆನ್ನು ಕೊಡಬಾರದು.

ಇನ್ನು, ಮೇಲ್ಬೆನ್ನಿನ ನೋವೆಲ್ಲ ಸ್ನಾಯುವಿನದಲ್ಲ. ಬೆವರು ಬಂದು, ಎದೆ ಹಿಂಡಿ, ರೆಕ್ಕೆಗಳ ನಡುವೆ ನೋಯುವುದು ಹೃದಯಾಘಾತವೂ ಆಗಬಹುದು. ಜ್ವರ, ತೂಕ ಇಳಿಯುವುದು, ರಾತ್ರಿಯ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು, ಅದು ನಮ್ಮಲ್ಲಿ ಇನ್ನೂ ಇದೆ. ಬಲ ರೆಕ್ಕೆಯ ಕೆಳಗೆ ಊಟವಾದ ಮೇಲೆ ಹಿಡಿದರೆ ಪಿತ್ತಕೋಶದ ಕಲ್ಲಿರಬಹುದು. ಇವನ್ನೆಲ್ಲ ಸೋಸಿ ತೆಗೆದ ಮೇಲೆಯೇ ಸೂಜಿಯ ಮಾತು. ಮೈಸೂರಿನವರು ಸೋಸಿದ್ದರು ಎಂಬುದೇ ನನಗೆ ಅವರ ಮೇಲೆ ನಂಬಿಕೆ ಬರಲು ಕಾರಣ.

ಯಜಮಾನರಿಗೆ ಇದೆಲ್ಲ ಬೇಡವಾಗಿತ್ತು. “ಮಾಮೂಲಿ ಸೊಂಟದ ಸೂಜಿನೇ ಆಯ್ತದೆ ಬುಡಿ. ಹಾಕುಸ್ಕಂಡ್ರೆ ಎರಡು ದಿವ್ಸ ಆರಾಮು” ಅಂದರು.

ಆ ಸೊಂಟದ ಸೂಜಿ ಡೈಕ್ಲೋಫೆನಾಕ್. ಅದರ ಕತೆ ಇವರಿಗೆ ಗೊತ್ತಿಲ್ಲ. ದನಕ್ಕೆ ಅದನ್ನು ಹಾಕಿ, ಸತ್ತ ದನವನ್ನು ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ದೇಶದ ಹದ್ದುಗಳೇ ಹೆಚ್ಚುಕಡಿಮೆ ಬರಿದಾದವು. 2006ರಲ್ಲಿ ದನದ ಔಷಧಿ ನಿಷೇಧವಾಯಿತು. ಆಮೇಲೆ ಮನುಷ್ಯರ ದೊಡ್ಡ ಬಾಟಲಿಯನ್ನೇ ದನಕ್ಕೆ ಚುಚ್ಚತೊಡಗಿದರು. 2015ರಲ್ಲಿ ಮನುಷ್ಯರದ್ದೂ ಮೂರು ಎಂ.ಎಲ್.ಗಿಂತ ದೊಡ್ಡ ಬಾಟಲಿ ಇರಕೂಡದು ಎಂದು ಆದೇಶ ಬಂತು. ಮನುಷ್ಯ ಹದ್ದಲ್ಲ, ಒಂದೆರಡು ಸೂಜಿಗೆ ಏನೂ ಆಗದು. ಆದರೆ ವರ್ಷವಿಡೀ ಸೊಂಟ ಒಡ್ಡಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಬೆನ್ನಿನ ನೋವಿಗೆ ಮೈಯೆಲ್ಲ ಸುತ್ತಿ ಬರುವ ಔಷಧಿಗೆ ಹೆದರದವರು, ಹೆಚ್ಚಾಗಿ ಬೆನ್ನಲ್ಲೇ ಕೆಲಸ ಮಾಡುವ ಔಷಧಿಗೆ ಹೆದರುವುದು ನನಗೆ ಯಾವತ್ತೂ ಅರ್ಥವಾಗದ ಲೆಕ್ಕ.

“ಸರಿ, ಹಾಕುಸ್ಕತೀನಿ ಅನ್ನಿ. ಎಷ್ಟು ದಿನ ಬತ್ತದೆ?”

ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಔಷಧಿಯ ಮರಗಟ್ಟುವಿಕೆ ಕೆಲವೇ ಗಂಟೆ. ನೋವಿನ ಇಳಿತ ಕೆಲವರಿಗೆ ಅಷ್ಟೇ, ಕೆಲವರಿಗೆ ವಾರಗಟ್ಟಲೆ. ಗಂಟೆಗಳ ಔಷಧಿ ವಾರ ಏಕೆ ಬರುತ್ತದೆ ಎಂಬುದಕ್ಕೆ ಡಾಕ್ಟರುಗಳಲ್ಲೇ ಒಂದೊಂದು ವಿವರಣೆ: ನೋವಿಗೆ ಸ್ನಾಯು ಬಿಗಿಯುತ್ತದೆ, ಬಿಗಿದದ್ದಕ್ಕೆ ನೋವು ಹೆಚ್ಚುತ್ತದೆ, ಆ ಸುತ್ತು ಒಮ್ಮೆ ಕಡಿದರೆ ಸಾಕು ಎನ್ನುವುದು ಹೆಚ್ಚು ಕೇಳುವ ಮಾತು. ಏನೂ ಆಗದವರೂ ಇದ್ದಾರೆ. ಆಗದಿದ್ದರೆ ಅದೂ ಒಂದು ಸುದ್ದಿಯೇ, ನೋವು ಬೇರೆಲ್ಲಿಂದಲೋ ಬರುತ್ತಿದೆ ಎಂದು ಹುಡುಕಬಹುದು.

ಆ ವಾರಗಳಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಕೇಳಬಾರದಿತ್ತೇನೋ, ಮುಖ ಅರಳಿತು. “ಇನ್ನೆರಡು ಗಂಟೆ ಜಾಸ್ತಿ ಕುಂತು ನೇಯ್ತೀನಿ!”

ಕುಣಿಮಗ್ಗ ನೋಡಿದವರಿಗೆ ಅವರ ಬೆನ್ನಿನ ಕತೆ ಹೇಳಬೇಕಿಲ್ಲ. ಕಾಲು ಗುಂಡಿಯೊಳಗೆ, ಎರಡೂ ಪಾದ ತುಳಿಯುವ ಹಲಗೆಯ ಮೇಲೆ. ಎಡಗೈ ಹೊಕ್ಕನ್ನು ಬಡಿಯುತ್ತಿರುತ್ತದೆ, ಬಲಗೈ ಹಗ್ಗ ಜಗ್ಗಿ ಲಾಳಿ ಓಡಿಸುತ್ತಿರುತ್ತದೆ. ಕಣ್ಣು ಸರಿಗೆ ಅಂಚಿನ ಮೇಲೆ, ಕತ್ತು ಅದರ ಮೇಲೆ ಬಾಗಿ. ಆಡುವುದು ಮೊಣಕೈ ಕೆಳಗೆ ಮಾತ್ರ. ಭುಜ ಎತ್ತಿದ್ದು ಎತ್ತಿದ ಹಾಗೇ ಗಂಟೆಗಟ್ಟಲೆ ಹಿಡಿದುಕೊಂಡಿರುತ್ತದೆ. ಸ್ನಾಯುವನ್ನು ದಣಿಸುವುದು ದುಡಿತಕ್ಕಿಂತ ಈ ಹಿಡಿತ. ಅಕ್ಕನ ತಮ್ಮ ಹನೂರು ಕಡೆಯವನು, ಬೀಸು ಕಂಸಾಳೆ ತಂಡದಲ್ಲಿದ್ದಾನೆ. ಹಬ್ಬಕ್ಕೆ ಬಂದಾಗ ಅಂಗಳದಲ್ಲಿ ಕುಣಿದು ತೋರಿಸುತ್ತಾನೆ: ತಾಳ ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ, ಭುಜ ಗಿರ್ರನೆ ತಿರುಗುತ್ತ. ಅವನಿಗೆ ನೋವೇ ಇಲ್ಲ ಅನ್ನಲಾರೆ, ಮಂಡಿ ಮಂಡಿ ಅನ್ನುತ್ತಿರುತ್ತಾನೆ. ಆದರೆ ರೆಕ್ಕೆಮೂಳೆಯ ಹತ್ತಿರ ಹೆಬ್ಬೆರಳು ಇಟ್ಟರೆ ಗಂಟು ಸಿಗುವುದಿಲ್ಲ, ಇಟ್ಟು ನೋಡಿದ್ದೇನೆ.

“ಹಾಸಿನ ಎಳೆ ಸಿಕ್ಕಾದ್ರೆ ಏನ್ ಮಾಡ್ತೀರಿ ಅಣ್ಣ?” ಅಂದೆ.

“ಬಿಗಿ ಸಡಿಲ ಮಾಡ್ಕಂಡು ಬುಡಿಸ್ತೀನಿ.”

“ಸಡಿಲ ಮಾಡಿ, ಸಿಕ್ಕು ಬಿಡಿಸ್ದೆ ಹಂಗೇ ನೇಯ್ದ್ರೆ?”

“ಸೀರೆ ಕೆಡ್ತದೆ.”

ಅಷ್ಟೇ, ಅದಕ್ಕೆ ಮೇಲೆ ನಾನು ಬಾಯಿ ತೆರೆಯಲಿಲ್ಲ. ಸೂಜಿ ಬಿಗಿ ಸಡಿಲಿಸಿ ಕೊಡುತ್ತದೆ. ಆ ಸಡಿಲದಲ್ಲಿ ಭುಜ ತಿರುಗಿಸುವುದು, ರೆಕ್ಕೆಗಳನ್ನು ಹಿಂದಕ್ಕೆ ಸೇರಿಸುವುದು, ಬಾಗಿಲ ಚೌಕಟ್ಟು ಹಿಡಿದು ಎದೆ ಚಾಚುವುದು, ಅರ್ಧ ಗಂಟೆಗೊಮ್ಮೆ ಗುಂಡಿಯಿಂದ ಎದ್ದು ಬರುವುದು, ಇವೆಲ್ಲ ಇವರ ಕೆಲಸ. ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ. ಮೊದಲೇ ಮಾಡಿ ಅಂದರೆ ನೋವಿಗೆ ಕೈ ಎತ್ತಲಾಗದು, ಅದಕ್ಕೇ ಸೂಜಿ ಮುಂದೆ.

“ಅರ್ಧ ಗಂಟೆಗೊಂದ್ಸಲ ಎದ್ರೆ ಸೀರೆ ಇಳಿಯೋದ್ಯಾವಾಗ? ಕೂಲಿ ಸೀರೆ ಲೆಕ್ಕಕ್ಕೆ ಕೊಡೋದು, ಬೆನ್ನಿನ ಲೆಕ್ಕಕ್ಕಲ್ಲ” ಅಂದರು ಯಜಮಾನರು. ಇದಕ್ಕೆ ಅರಿವಳಿಕೆ ಡಾಕ್ಟರ ಹತ್ತಿರ ಔಷಧಿ ಇಲ್ಲ, ನನ್ನ ಹತ್ತಿರವೂ ಇಲ್ಲ. ಸುಮ್ಮನೆ ದಾಸವಾಳದ ಒಣ ಎಲೆ ಕಿತ್ತೆ.

ಅಷ್ಟರಲ್ಲಿ ಹನೂರಿನ ಬಾಮೈದನ ಫೋನು. ಅವನಿಗೆ ಅಕ್ಕ ಮಧ್ಯಾಹ್ನವೇ ವಿಷಯ ಮುಟ್ಟಿಸಿದ್ದರು. ಅವನ ಪ್ರಕಾರ ಮೈಸೂರು ಯಾಕೆ, ಕೊಯಮತ್ತೂರಿಗೇ ಕರೆದುಕೊಂಡು ಹೋಗಬೇಕು. ಕೊಳ್ಳೇಗಾಲ 1956ರ ತನಕ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯ ಬದಲಾದರೂ ಅವನ ತಾತ ದೊಡ್ಡಾಸ್ಪತ್ರೆ ಎಂದು ಹೇಳುತ್ತಿದ್ದುದು ಅದನ್ನೇ, ಇವನೂ ಅದನ್ನೇ ಹೇಳುತ್ತಾನೆ. ಅಕ್ಕ ಅವನಿಗೆ ಎರಡು ಬೈದು ಫೋನಿಟ್ಟರು.

“ಬರೋ ಮಂಗಳವಾರ ಹೋಗಣ ಬುಡು” ಅಂದರು ಯಜಮಾನರು, ಯಾರ ಮುಖವನ್ನೂ ನೋಡದೆ. “ಮಗ್ಗದ ಮೇಲಿರೋ ಸೀರೆ ಇಳಿಸ್ಬುಟ್ಟು.”

“ಅದು ಇಳಿಯೋವಷ್ಟರಲ್ಲಿ ಇನ್ನೊಂದು ಹಾಸು ಏರಿಸ್ತೀರಿ, ನಂಗೆ ಗೊತ್ತಿಲ್ವಾ?” ಅಂದೆ.

“ಏರಿಸ್ಲಿ ಕಾಂಪೌಂಡ್ರಣ್ಣ, ಧಾರಾಳವಾಗಿ ಏರಿಸ್ಲಿ” ಅಂದರು ಅಕ್ಕ, ಬಕೆಟ್ಟು ಎತ್ತಿಕೊಳ್ಳುತ್ತ. “ಲಾಳಿ ಎತ್ತಿ ಬಚ್ಚಿಟ್ಟಿವ್ನಿ. ಸೂಜಿ ಹಾಕುಸ್ಕಂಡು ಬಂದ್ಮೇಲೇ ಕೊಡೋದು.”